ನಾಳೆ ಬಾ ಎಂದ ನಾಡು

ಈಗಿರುವ ಊರುಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ ಮುತ್ತುಗನಾಡು ಎಂಬ ಒಂದು ರಾಜ್ಯವಿತ್ತು. ಸುತ್ತಲೂ ಹತ್ತಲಾಗದ ಬೆಟ್ಟ, ನಡುವೆ ನಾಡು, ಒಳಗೆ ಬರಲು ಹೊರಗೆ ಹೋಗಲು ಒಂದೇ ಒಂದು ಹೆಬ್ಬಾಗಿಲು. ಸಿಂಗರಸ ಎಂಬ ದೊರೆ ಆ ನಾಡನ್ನು ಆಳುತ್ತಿದ್ದ. ದೊರೆ ಕೆಟ್ಟವನೇನಲ್ಲ. ಅವನಿಗೆ ಸಾಯುವುದೆಂದರೆ ಭಯ, ಅಷ್ಟೇ. ಯಾರಿಗಿಲ್ಲ ಹೇಳಿ. ಆದರೆ ನಮ್ಮ ನಿಮ್ಮ ಭಯ ನಮ್ಮ ಮನೆಯೊಳಗೇ ಇರುತ್ತದೆ, ದೊರೆಯ ಭಯಕ್ಕೆ ಡಂಗುರ ಹೊಡೆಯುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಸಿಂಗರಸನಿಗೆ ಊಟ ಸೇರಲಿಲ್ಲ. ಸಾವನ್ನು ತಡೆದವರಿಗೆ ಕೇಳಿದ್ದು ಕೊಡುತ್ತೇನೆ ಎಂದು ಊರೂರಿಗೂ ಸಾರಿಸಿದ.

ಮಸಿಯಪ್ಪ ಎಂಬ ಮಾಂತ್ರಿಕ ಬಂದ. ಅವನ ಬೆರಳೆಲ್ಲ ಕಪ್ಪು, ನಾಲಿಗೆಯೂ ಕಪ್ಪು. ಅವನು ಬೆಳ್ಳಿ ಬಂಗಾರ ಕೇಳಲಿಲ್ಲ.

"ಹೆಬ್ಬಾಗಿಲ ಮೇಲಿನ ಅಟ್ಟ ನನಗೆ ಕೊಡಿ. ಈ ನಾಡಿಗೆ ಏನು ಬರಬೇಕು, ಏನು ಬರಬಾರದು ಅನ್ನೋದು ಇನ್ನು ನನ್ನ ಕೈಲಿರಲಿ," ಅಂದ.

ದೊರೆ ಹೂಂ ಅಂದ. ಮಸಿಯಪ್ಪ ಸುಡುಗಾಡಿನ ಮಸಿ ತೇದು ಹೆಬ್ಬಾಗಿಲ ನೆತ್ತಿಯ ಮೇಲೆ ಎರಡೇ ಮಾತು ಬರೆದ: ನಾಳೆ ಬಾ.

ಬೆಳಗಾಗುತ್ತಲೇ ಸಾವು ಬಂತು. ತಲೆಯೆತ್ತಿ ಓದಿತು. ಸರಿ ಎಂದು ಹಿಂದಿರುಗಿತು. ಮಾರನೆಯ ಬೆಳಗ್ಗೆ ಬಂತು, ಓದಿತು, ಹಿಂದಿರುಗಿತು. ಅದರ ಮಾರನೆಯ ಬೆಳಗ್ಗೆಯೂ ಅಷ್ಟೇ. ಓದಿದ್ದನ್ನು ಓದಿದ ಹಾಗೇ ನಂಬುವುದು ಸಾವಿನ ಗುಣ.

ನಾಡಿನಲ್ಲಿ ಹಬ್ಬವೋ ಹಬ್ಬ. ಚಟ್ಟ ಕಟ್ಟುವವರು ಮದುವೆಯ ಚಪ್ಪರ ಕಟ್ಟಲು ಹೋದರು. ದೊರೆ ಎರಡೆರಡು ಸಲ ಬಡಿಸಿಕೊಂಡು ಉಂಡ. ಆದರೆ ಬರಬರುತ್ತ ಏನೋ ಎಡವಟ್ಟು ಕಾಣಿಸಿತು. ಮಾವಿನ ಮರದಲ್ಲಿ ಹೂ ಇತ್ತು, ಕಾಯಿ ಬರಲಿಲ್ಲ. ಹಾಲಿಗೆ ಹೆಪ್ಪು ಹಾಕಿದರೆ ಹುಳಿ ಬರಲಿಲ್ಲ. ಯುವರಾಜನಿಗೆ ಇನ್ನೇನು ಮೀಸೆ ಬಂದೇಬಿಟ್ಟಿತು ಎನ್ನುವಂತಿತ್ತು, ಎಷ್ಟು ವರ್ಷವಾದರೂ ಇನ್ನೇನು ಎನ್ನುವಂತೆಯೇ ಇತ್ತು. ಜ್ವರ ಹಿಡಿದವರು ಸಾಯಲಿಲ್ಲ, ಏಳಲೂ ಇಲ್ಲ. ಇದೇಕೆ ಹೀಗೆ ಎಂದು ಯಾರಿಗೂ ತಲೆಬುಡ ತಿಳಿಯಲಿಲ್ಲ.

ಹೆಬ್ಬಾಗಿಲಿಗೆ ಹತ್ತಿರದ ಗಾಣದ ಮನೆಯಲ್ಲಿ ಜಕ್ಕಿ ಎಂಬ ಹೆಣ್ಣುಮಗಳಿದ್ದಳು. ಅವಳ ಗಂಡ ಗಾಣದ ಎತ್ತಿನ ಹಿಂದೆ ಸುತ್ತುವವನು, ಮಾತು ಕಡಿಮೆ. ಅವರ ಚೊಚ್ಚಲ ಮಗು, ಹೆಬ್ಬಾಗಿಲ ಬರಹಕ್ಕೂ ಮುಂಚಿನದು, ಹೆಸರಿಡುವ ಮೊದಲೇ ತೀರಿಹೋಗಿತ್ತು. ಈಗ ತೊಟ್ಟಿಲಲ್ಲಿ, ಆ ಬರಹಕ್ಕೆ ತುಸು ಮುಂಚೆ ಹುಟ್ಟಿದ ಸಂಪಿ ಎಂಬ ಹೆಣ್ಣುಕೂಸು. ವರ್ಷದ ಮೇಲೆ ವರ್ಷ ಉರುಳಿದರೂ ಸಂಪಿಗೆ ಒಂದು ಹಲ್ಲು ಬರಲಿಲ್ಲ, ಒಂದು ಮಾತು ಬರಲಿಲ್ಲ. ತೊಟ್ಟಿಲ ಪಕ್ಕದ ಚಾಪೆಯಲ್ಲಿ ಅತ್ತೆ ದೇಮವ್ವ ಸೊಂಟ ಮುರಿದುಕೊಂಡು ಮಲಗಿದ್ದಳು. ಉಸಿರೆಳೆದರೆ ನೋವು, ಬಿಟ್ಟರೂ ನೋವು, ಬಾಯಿ ಮಾತ್ರ ಚುರುಕು. ಜಕ್ಕಿಗೆ ಹೆತ್ತ ತಾಯಿ ಇರಲಿಲ್ಲ. ಬೈಯಲಿಕ್ಕೂ ಬಾಚಿ ತಬ್ಬಲಿಕ್ಕೂ ಅವಳಿಗೆ ಈ ಅತ್ತೆಯೇ.

"ಅತ್ತೆ, ಕೂಸು ಯಾಕೆ ಬೆಳೀತಿಲ್ಲ ಅಂತ ಕೇಳ್ಕೊಂಡು ಬರ್ತೀನಿ," ಅಂದಳು ಜಕ್ಕಿ ಒಂದು ದಿನ.

"ಯಾರನ್ನ ಕೇಳ್ತೀಯೇ?"

"ಗೊತ್ತಿರೋರನ್ನ."

"ಅಂಥೋರು ಯಾರಾದ್ರೂ ಸಿಕ್ಕಿದ್ರೆ ನನ್ನ ಸೊಂಟದ ವಿಷಯಾನೂ ಕೇಳು," ಅಂದಳು ದೇಮವ್ವ.

ಜಕ್ಕಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು. ಕಾಡಿನಲ್ಲಿ ಹುಲಿ ಸಿಕ್ಕಿತು. ಹುಲಿಯ ಬಾಯಲ್ಲಿ ಜಿಂಕೆಯ ಕುತ್ತಿಗೆ. ಜಿಂಕೆ ಸಾಯುವುದಿಲ್ಲ, ಹುಲಿ ಬಿಡುವುದಿಲ್ಲ. ಎಷ್ಟೋ ಕಾಲದಿಂದ ಹಾಗೇ ನಿಂತು ಇಬ್ಬರಿಗೂ ಸಾಕುಸಾಕಾಗಿತ್ತು.

"ಇದರ ದವಡೆ ಹಿಡ್ಕೊಂಡುಬಿಟ್ಟಿದೆ, ಸ್ವಲ್ಪ ಬಿಡಿಸಮ್ಮ," ಅಂದಿತು ಜಿಂಕೆ.

ಜಕ್ಕಿ ಕಣ್ಣು ಮುಚ್ಚಿಕೊಂಡು ಹುಲಿಯ ಬಾಯಿಗೆ ಕೈ ಹಾಕಿ ದವಡೆ ಅಗಲಿಸಿದಳು. ಜಿಂಕೆ ಕತ್ತು ಓರೆ ಮಾಡಿಕೊಂಡೇ ಓಡಿತು. ಹುಲಿ ಬಾಯಿ ಆಡಿಸಿ ನೋಡಿಕೊಂಡು, "ಏನು ಬೇಕು ಕೇಳು," ಅಂದಿತು.

"ನನ್ನ ಕೂಸು ಯಾಕೆ ಬೆಳೀತಿಲ್ಲ?"

"ಸಾವು ಬರ್ತಿಲ್ಲ. ಅದಕ್ಕೇ ಯಾವುದೂ ಬರ್ತಿಲ್ಲ."

"ಸಾವು ಯಾಕೆ ಬರಬೇಕು?"

"ಊಟಕ್ಕೆ. ಒಬ್ಬರು ಸತ್ತರೆ ಇನ್ನೊಬ್ಬರ ಹೊಟ್ಟೆ ತುಂಬುತ್ತೆ."

"ನನ್ನ ಚೊಚ್ಚಲ ಮಗು ಹೋಯ್ತಲ್ಲ, ಅದರಿಂದ ಯಾರ ಹೊಟ್ಟೆ ತುಂಬ್ತು?"

ಹುಲಿ ಮುಖ ಆ ಕಡೆ ತಿರುಗಿಸಿತು. "ಅದು ನಂಗೊತ್ತಿಲ್ಲ. ಕೆರೆಯ ಆಮೆ ನನಗಿಂತ ಹಿರಿಯ ಜೀವ, ಕೇಳಿ ನೋಡು."

ಕೆರೆಯ ಆಮೆ ದಡದಲ್ಲಿ ಕೂತು ಕೊರಗುತ್ತಿತ್ತು. ಅದರ ಮೊಟ್ಟೆಗಳು ಒಡೆಯದೆ ಉರುಳಿ ಉರುಳಿ ಕೆರೆಯ ತಳ ಸೇರಿದ್ದವು. ಜಕ್ಕಿ ಮುಳುಗಿ, ಉಸಿರು ಕಟ್ಟಿ, ಎಲ್ಲವನ್ನೂ ಮಡಿಲಲ್ಲಿ ತಂದು ಬಿಸಿಲಿಗಿಟ್ಟಳು. ಆಮೆ ಹೇಳಿತು: "ಜನ ಸಾಯೋದು ಜಾಗಕ್ಕಮ್ಮ. ಹಳಬರು ಏಳದಿದ್ದರೆ ಹೊಸಬರು ಎಲ್ಲಿ ಕೂರಬೇಕು?"

"ನಮ್ಮತ್ತೆಗೆ ಬೇಕಾಗಿರೋದು ಒಂದು ಚಾಪೆ ಜಾಗ," ಅಂದಳು ಜಕ್ಕಿ. "ನನ್ನ ಚೊಚ್ಚಲಿಗೆ ಬೇಕಾಗಿದ್ದು ಒಂದು ಮೊರದಷ್ಟು. ಅಷ್ಟು ಜಾಗ ಈ ಭೂಮಿ ಮೇಲೆ ಇರಲಿಲ್ವಾ?"

ಆಮೆ ತಲೆಯನ್ನು ಚಿಪ್ಪಿನೊಳಕ್ಕೆ ಎಳೆದುಕೊಂಡು, ಒಳಗಿಂದಲೇ, ಹಾವನ್ನು ಕೇಳು ಅಂದಿತು.

ಹಾವು ಇದ್ದದ್ದು ಹೆಬ್ಬಾಗಿಲ ಬುಡದ ಹುತ್ತದಲ್ಲಿ. ಹಳೆಯ ಪೊರೆ ಅರ್ಧ ಕಳಚಿ ಕುತ್ತಿಗೆಗೆ ಬಿಗಿದುಕೊಂಡಿತ್ತು. ಜಕ್ಕಿ ಹೆಡೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಬಿಗಿತ ಸಡಿಲಿಸಿದಳು. ಹಾವು ನಿಟ್ಟುಸಿರುಬಿಟ್ಟು ಹೇಳಿತು: "ಸಾವು ಇರೋದು ರುಚಿಗೆ. ಮುಗಿಯುತ್ತೆ ಅಂತ ಗೊತ್ತಿದ್ದರೇ ಬದುಕು ಸಿಹಿ."

"ಆ ಮಗು ಏನು ಸಿಹಿ ಕಂಡಿತ್ತಪ್ಪ?" ಅಂದಳು ಜಕ್ಕಿ. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಕೇಳಲು ಮೂರು ಮಾತೂ ಸರಿಯಾಗಿದ್ದವು. ಮೂರರಲ್ಲಿ ಒಂದೂ ಆ ಮಗುವಿನ ಅಳತೆಗೆ ಹೊಂದುತ್ತಿರಲಿಲ್ಲ.

ಹಾವು ಹೆಡೆಯನ್ನು ಹೆಬ್ಬಾಗಿಲ ಕಡೆ ತಿರುಗಿಸಿ, "ನನಗೆ ತಿಳಿದದ್ದು ಅಷ್ಟೇ. ಬೆಳಕು ಹರಿಯೋ ಹೊತ್ತಿಗೆ ಬಾಗಿಲ ಹೊರಗೆ ಕೂತುಕೋ. ಬರೋರನ್ನೇ ಕೇಳು," ಅಂದಿತು.

ಜಕ್ಕಿ ಬೆಳಕು ಹರಿಯುವ ಹೊತ್ತಿಗೆ ಹೋಗಿ ಕೂತಳು. ಮಂಜಿನೊಳಗಿಂದ ಒಂದೊಂದೇ ಬರತೊಡಗಿದವು. ಮಾವಿನ ಕಾಯಿಗಳು ಉರುಳುತ್ತ ಬಂದವು, ಮೇಲೆ ನೋಡಿದವು, ವಾಪಸು ಹೋದವು. ಹೆಪ್ಪಿನ ಹುಳಿ ವಾಸನೆ ಬಂತು, ಹೋಯಿತು. ಯುವರಾಜನ ಮೀಸೆ ಕಂಬಳಿಹುಳದಂತೆ ತೆವಳಿ ಬಂದು ತೆವಳಿ ಹೋಯಿತು. ಆಮೇಲೆ ಅಕ್ಕಿಕಾಳಿನಷ್ಟು ಬೆಳ್ಳಗಿನದೊಂದು ಕುಪ್ಪಳಿಸುತ್ತ ಬಂತು. ಅದು ಸಂಪಿಯ ಹಲ್ಲು ಎಂದು ಜಕ್ಕಿಗೆ ನೋಡಿದ ಕೂಡಲೇ ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂದು ಕೇಳಬೇಡಿ, ತಾಯಂದಿರಿಗೆ ಗೊತ್ತಾಗುತ್ತದೆ. ಅವಳು ಹಿಡಿಯಲು ಹೋದಳು, ಹಲ್ಲು ನುಣುಚಿಕೊಂಡು ಹೋಯಿತು.

ಎಲ್ಲರ ಹಿಂದೆ ಕುಂಟುತ್ತ ಒಬ್ಬ ಮುದುಕಿ ಬಂದಳು. ತಲೆಯೆತ್ತಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಇವಳೇ ಸಾವು.

"ಅಜ್ಜೀ, ಜನ ಯಾಕೆ ಸಾಯ್ತಾರೆ?" ಎಂದು ಜಕ್ಕಿ ಕೇಳಿದಳು.

"ನನಗೇನು ಗೊತ್ತವ್ವ. ಬಾ ಅಂದರೆ ಬರ್ತೀನಿ, ಹೋಗು ಅಂದರೆ ಹೋಗ್ತೀನಿ. ಯಾಕೆ ಅಂತ ನನಗೂ ಯಾರೂ ಹೇಳಿಲ್ಲ."

ಸಾವಿಗೇ ಗೊತ್ತಿಲ್ಲದ ಮೇಲೆ ಇನ್ನು ಯಾರನ್ನು ಕೇಳುವುದು?

"ಹೋಗಲಿ, ಆ ಹಲ್ಲು ಒಂದನ್ನ ಒಳಗೆ ಬಿಟ್ಟು ನೀನು ಹೊರಗೇ ಇರೋಕೆ ಆಗಲ್ವಾ?"

"ಬಿಡೋಕೆ ನಾನು ಯಾರು? ಬರಹ ಒಂದೇ, ಬಾಗಿಲು ಒಂದೇ. ತೆರೆದರೆ ಎಲ್ಲರೂ ಬರ್ತೀವಿ."

"ಮೊದಲು ಯಾರ ಮನೆಗೆ ಹೋಗ್ತೀಯ?"

"ಹತ್ತಿರದ ಮನೆಗೆ. ಗಾಣದ ಮನೆ ದೇಮವ್ವ ಬಹಳ ದಿನದಿಂದ ಬಾಕಿ."

"ಮುಂದೊಂದು ದಿನ ಈ ಕೂಸನ್ನೂ ಕರೀತೀಯಾ?"

"ಕರೀತೀನಿ," ಅಂದಳು ಮುದುಕಿ. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ಮೇಲಿನ ಅಟ್ಟದಿಂದ ಮಸಿಯಪ್ಪ ಬಗ್ಗಿ ನೋಡಿದ. ಅವನ ದನಿ ಬೆಲ್ಲದಂತಿತ್ತು. "ಕೇಳಿದೆಯಾ ತಾಯಿ? ನನ್ನ ಬರಹವನ್ನ ಅಳಿಸೋಕೆ ಯಾರ ಕೈಲೂ ಆಗಲ್ಲ, ಆಗೋದೂ ಬೇಡ. ಬೆಳೆಯದ ಕೂಸು ಸಾಯೋದೂ ಇಲ್ಲ. ಚೊಚ್ಚಲಿಗೆ ಆದದ್ದು ಇದಕ್ಕೂ ಆಗಲಿ ಅಂತೀಯಾ? ಮನೆಗೆ ಹೋಗು."

ಆ ಮಾತು ಜಕ್ಕಿಯ ಎದೆಗೆ ನೇರವಾಗಿ ನಾಟಿತು. ಅವಳಿಗಿದ್ದ ಭಯವೂ ಅದೇ. ಅವಳು ಮನೆಗೆ ಬಂದು, ಅತ್ತೆಯ ಚಾಪೆಯ ಪಕ್ಕ ಕೂತು, ಕಂಡದ್ದನ್ನೆಲ್ಲ ಹೇಳಿದಳು. ಏನು ಮಾಡಬೇಕೋ ತಿಳಿಯುತ್ತಿಲ್ಲ ಎಂದು ಅತ್ತಳು.

ದೇಮವ್ವ ಸೂರು ನೋಡುತ್ತ ಮಲಗಿದ್ದಳು. "ನನ್ನ ಕೇಳ್ತೀಯಲ್ಲೇ ಹುಚ್ಚಿ," ಅಂದಳು. "ಸಾಕಾಗಿದೆ, ಹೋಗ್ತೀನಿ ಅಂತ ನಾನೇ ಹೇಳಲಿ ಅಂತ ಕಾಯ್ತಿದೀಯ. ನನಗೆ ಹೋಗೋಕೆ ಇಷ್ಟ ಇಲ್ಲ ಕಣೇ. ಇಷ್ಟು ನೋವಲ್ಲೂ ಇಷ್ಟ ಇಲ್ಲ. ಹೆದರಿಕೆ ಆಗುತ್ತೆ."

ಜಕ್ಕಿ ಅವಳ ಕೈ ಹಿಡಿದುಕೊಂಡಳು.

"ಹಲ್ಲು ಹೇಗಿತ್ತು?" ಎಂದು ದೇಮವ್ವ ಕೇಳಿದಳು.

"ಅಕ್ಕಿಕಾಳಿನ ಹಾಗೆ. ಕುಪ್ಪಳಿಸ್ತಿತ್ತು."

"ಕುಪ್ಪಳಿಸ್ತಿತ್ತಾ?" ದೇಮವ್ವ ಮೆಲ್ಲಗೆ ನಕ್ಕಳು. ತೊಟ್ಟಿಲ ಕಡೆ ಹೊರಳಲು ಹೋಗಿ ನೋವಿಗೆ ಮುಖ ಕಿವುಚಿದಳು. "ಅದನ್ನ ನಾನು ನೋಡಬೇಕು ಕಣೇ. ಸಾವೂ ಹಲ್ಲೂ ಒಟ್ಟಿಗೇ ಬಂದರೆ, ಹಲ್ಲನ್ನ ಮುಂದೆ ಬಿಡು ಅಂತ ಆ ಮುದುಕೀಗೆ ಹೇಳು. ಅಷ್ಟು ಮಾಡ್ತಾಳಾ ಕೇಳು."

ಮಾರನೆಯ ಬೆಳಗ್ಗೆ ಜಕ್ಕಿ ಕೂಸನ್ನು ಅತ್ತೆಯ ಪಕ್ಕದಲ್ಲಿ ಮಲಗಿಸಿ ಬಾಗಿಲಿಗೆ ಹೋದಳು. ಮುದುಕಿ ಬಂದು ತಲೆಯೆತ್ತಿ ಓದಿದಳು: "ನಾ... ಳೆ..." ಎಂದು ನಿಲ್ಲಿಸಿ, ಕಣ್ಣುಜ್ಜಿಕೊಂಡು, "ಬಾ" ಅಂದಳು.

ಜಕ್ಕಿಯ ಕಿವಿ ನಿಮಿರಿತು. "ಅಜ್ಜೀ, ನೀನು ಹಾಗೆ ನಿಲ್ಲಿಸಿ ಓದಿದಾಗ ಯಾರನ್ನೋ ಕರೆದ ಹಾಗೆ ಕೇಳಿಸ್ತು. ನಾನು 'ಸಂಪೀ, ಬಾ' ಅಂತೀನಲ್ಲ, ಹಾಗೆ."

ಮುದುಕಿ ಇನ್ನೊಮ್ಮೆ ಓದಿ ನೋಡಿದಳು. "ಹೌದಲ್ಲ. ಹಾಗೂ ಓದಬಹುದು. ಆದರೆ ಕರೆಯಬೇಕಾದವರು ಒಳಗಿನವರು. ಇದುವರೆಗೂ ಯಾರೂ ಕರೆದಿಲ್ಲ."

"ಕರೆದರೆ ಹಲ್ಲು ಮುಂದೆ ಹೋಗಲಿ. ನೀನು ಹಿಂದೆ ಬಾ. ನಮ್ಮತ್ತೆ ಕೇಳಿದ್ದು ಅಷ್ಟೇ."

"ನನ್ನ ಮೊಣಕಾಲು ನೋಡವ್ವ. ನಾನು ಹೇಗೂ ಹಿಂದೇ ಬರೋಳು."

ಮಸಿಯಪ್ಪನಿಗೆ ಈ ಮಾತು ಕೇಳಿಸಿತು. ಅವನು ಅಟ್ಟದಿಂದ ಧುಮುಕಿ ತನ್ನ ಕಪ್ಪು ಕೈಯಿಂದ ಜಕ್ಕಿಯ ಬಾಯಿ ಮುಚ್ಚಲು ಬಂದ. ಜಕ್ಕಿಗೆ ಆ ಗಳಿಗೆಯಲ್ಲೂ ಏನೂ ಸ್ಪಷ್ಟವಾಗಿರಲಿಲ್ಲ. ಸರಿಯೋ ತಪ್ಪೋ ಗೊತ್ತಿರಲಿಲ್ಲ. ಹಲ್ಲು ಕುಪ್ಪಳಿಸುತ್ತ ತಿರುಗಿ ಹೋಗುತ್ತಿರುವುದು ಮಾತ್ರ ಕಾಣುತ್ತಿತ್ತು. ಅವಳು ಹೊಸ್ತಿಲೊಳಗೆ ಕಾಲಿಟ್ಟು, ಆಡಲು ಹೋದ ಮಗುವನ್ನು ಊಟಕ್ಕೆ ಕೂಗುವ ದನಿಯಲ್ಲಿ ಕೂಗಿದಳು:

"ನಾಳೇ, ಬಾ."

ನಾಳೆ ಬಂತು. ಇಷ್ಟು ಕಾಲ ಬಾಗಿಲಾಚೆ ನಿಂತಿದ್ದದ್ದೆಲ್ಲ ಒಳನುಗ್ಗಿತು. ಹೆಬ್ಬಾಗಿಲ ಮೇಲಿನ ಅಕ್ಷರಗಳು ಒಣಗಿ ಉದುರಿದವು. ಆ ಬರಹದಿಂದ ಮಸಿಯಪ್ಪ ತಪ್ಪಿಸಿಕೊಂಡಿದ್ದ ಅವನದೇ ನೂರಾರು ನಾಳೆಗಳೂ ಒಮ್ಮೆಲೇ ಅವನ ಮೈಮೇಲೆ ಬಂದವು. ಅವನು ನಿಂತಲ್ಲೇ ಒಂದು ಹಿಡಿ ಮಸಿಯಾಗಿ ಗಾಳಿಗೆ ಹೋದ.

ಜಕ್ಕಿ ಮನೆಗೆ ಓಡಿದಳು. ಹಲ್ಲು ಅವಳಿಗಿಂತ ಮುಂದೆ ಓಡಿತು. ಅವಳು ಒಳಗೆ ಬಂದಾಗ ಸಂಪಿ ಅಜ್ಜಿಯ ಬೆರಳನ್ನು ಬಾಯಲ್ಲಿಟ್ಟುಕೊಂಡಿದ್ದಳು.

"ಕಚ್ಚಿದ್ಲು ಕಣೇ," ಅಂದಳು ದೇಮವ್ವ. "ನೋಡಿಲ್ಲಿ, ಗುರುತು ಬಿದ್ದಿದೆ. ಏನು ಚೂಪು ಅಂತೀ." ನೋವನ್ನೂ ಮರೆತು ನಕ್ಕಳು. ಜಕ್ಕಿಗೂ ಬೆರಳು ತೋರಿಸಿದಳು, ಗಾಣ ಬಿಟ್ಟು ಬಂದ ಮಗನಿಗೂ ತೋರಿಸಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಮುದುಕಿಯ ಕುಂಟು ಹೆಜ್ಜೆ ಕೇಳಿಸಿತು. "ದೇಮವ್ವಾ," ಎಂದು ಅವಳು ಕರೆದಳು.

ದೇಮವ್ವ ಜಕ್ಕಿಯ ಕೈಯನ್ನು ಬಿಗಿಯಾಗಿ ಹಿಡಿದಳು. ಆಮೇಲೆ ಹಿಡಿತ ಸಡಿಲವಾಯಿತು. ಜಕ್ಕಿ ನೆಲಕ್ಕೆ ಕುಸಿದು ಅತ್ತಳು. ಕರೆದವಳು ತಾನೇ ಎಂದು ಎದೆ ಬಡಿದುಕೊಂಡಳು. ಸಂಪಿ ಅವಳ ಮಡಿಲಿಗೆ ಅಂಬೆಗಾಲಿಟ್ಟು ಬಂದು "ಅವ್ವಾ" ಅಂದಳು, ಜಕ್ಕಿಯ ಅಳು ಇನ್ನೂ ಹೆಚ್ಚಾಯಿತು.

ನಾಡಿನಲ್ಲಿ ಮಾವು ಹಣ್ಣಾಯಿತು, ಹಾಲು ಮೊಸರಾಯಿತು, ಆಮೆಯ ಮರಿಗಳು ಕೆರೆಗಿಳಿದವು. ಜ್ವರ ಹಿಡಿದವರಲ್ಲಿ ಹೋಗುವವರು ಹೋದರು, ಏಳುವವರು ಎದ್ದರು. ದೊರೆ ಸಿಂಗರಸ ಮೊದಲು ಹೌಹಾರಿ ಹಾಸಿಗೆ ಹಿಡಿದ. ಮಗನ ಮೀಸೆ ನೋಡಿದ ಮೇಲೆ ಎದ್ದು ಕೂತು, ಅದನ್ನು ಎರಡೂ ಕಡೆ ತಿರುವಿ ನೋಡಿ, ಆ ಮಗನಿಗೇ ಪಟ್ಟ ಕಟ್ಟಿದ. ಮುತ್ತುಗನಾಡಿನವರು ಇರುವಷ್ಟು ದಿನ ಚೆನ್ನಾಗಿದ್ದರು, ಹೋಗುವಾಗ ಅಳುವವರನ್ನು ಬಿಟ್ಟುಹೋದರು.

ಸಂಪಿಗೆ ಮಾತು ಬಂದದ್ದೇ ತಡ, ಪ್ರಶ್ನೆಯೂ ಬಂತು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೇಳಿದಳು: "ಅವ್ವಾ, ಅಜ್ಜಿ ಯಾಕೆ ಸತ್ತಳು?"

"ಹುಲಿ ಊಟಕ್ಕೆ ಅಂತು. ಆಮೆ ಜಾಗಕ್ಕೆ ಅಂತು. ಹಾವು ರುಚಿಗೆ ಅಂತು. ಸಾವನ್ನೇ ಕೇಳಿದೆ, ಅವಳಿಗೂ ಗೊತ್ತಿಲ್ಲ."

"ನಿನಗೆ?"

"ನನಗೂ ಗೊತ್ತಿಲ್ಲ ಮಗಳೇ. ನಿಮ್ಮಜ್ಜಿಗೆ ಹೋಗೋಕೆ ಇಷ್ಟ ಇರಲಿಲ್ಲ. ನಿನ್ನ ನೋಡೋಕೆ ಇಷ್ಟ ಇತ್ತು. ನನಗೆ ಗೊತ್ತಿರೋದು ಇಷ್ಟೇ."

ಸಂಪಿ ತಟ್ಟೆಯಿಂದ ತಲೆಯೆತ್ತಿದಳು. "ನೀನೂ ಹೋಗ್ತೀಯಾ?"

"ಹೋಗ್ತೀನಿ."

"ಇವತ್ತಾ?"

"ಇವತ್ತಲ್ಲ," ಅಂದಳು ಜಕ್ಕಿ. ಅನ್ನಕ್ಕೆ ಮೊಸರು ಕಲಸಿ ಮಗಳ ಬಾಯಿಗೆ ತುತ್ತಿಟ್ಟಳು. ಆ ದಿನ ತಾಯಿ ಮಗಳು ಇಬ್ಬರೂ ಹೊಟ್ಟೆ ತುಂಬ ಉಂಡರು.