ದವಾ ಬಂಗ್ಲೆಯ ಹಳೇ ಫರ್ಶಿ

“ನಿಲ್ಲಸ್ರಿ ಅವನ್ನ... ಒಳಗ ಹಸಿ ಸಿಮೆಂಟ್ ಅದ!”

ಕುರಿಗಳು ಎಂದಾದರೂ ಯಾರ ಮಾತು ಕೇಳಿದ್ದುಂಟೆ? ಮುಂದಿನದು ಹೊಕ್ಕಿತು, ಅದರ ಹಿಂದೆ ಇಡೀ ಹಿಂಡು ಹೊಕ್ಕಿತು. ಆಗ ತಾನೇ ಕೂಡಿಸಿದ ಬಿಳಿ ಟೈಲ್ಸ್ ಮೇಲೆ ಕೆಸರುಗಾಲು ಊರುತ್ತ ಮುಂಬಾಗಿಲಿನಿಂದ ಹಿಂಬಾಗಿಲಿಗೆ ದಾಟಿದವು. ಕೊನೆಗೆ ಬಂದವಳು ದುಪಟ್ಟಾ ಸೊಂಟಕ್ಕೆ ಬಿಗಿದು, ಕೋಲು ಹಿಡಿದಿದ್ದ ಅನುಸೂಯಾ.

ಅವಳ ಕಣ್ಣೆದುರೇ ಹಿಂಡಿನ ಹಿರಿಯ ಕುರಿ ಚಂದ್ರಿ ಜಾರಿ ಬಿತ್ತು. ಮುಂಗಾಲು ಉಳುಕಿತು.

“ಯಾವ ಶಾಣ್ಯಾ ಹಾಕಸ್ಯಾನ ಈ ಜಾರಬಂಡಿ?”

“ನಾನೇರಿ,” ಅಂದ ಮೊದಲು ಕೂಗಿದವನು. “ಸಿದ್ಧೇಶ್ವರ. ಇಲ್ಲಿನ ರಿಪೇರಿ ಕೆಲಸ ನಂದು. ಇದು ಮ್ಯೂಸಿಯಂ ಆಗ್ಲತ್ತದ. ಕುರಿ ಬರಬಾರದು.”

“ಕುರಿ ಸಲುವಾಗೇ ಕಟ್ಟಿದ ಬಂಗ್ಲೆದಾಗ ಕುರಿ ಬರಬಾರದಾ? ಮತ್ತ ಒಳಗ ಯಾರನ್ನ ಇಡತೀರಿ, ನಿಮ್ಮನ್ನಾ?”

ಅವನು ಬಗ್ಗಿ ಚಂದ್ರಿಯ ಕಾಲು ಮುಟ್ಟಿ ನೋಡಿದ.

ಅವಳು ಹೇಳಿದ್ದು ಸುಳ್ಳಲ್ಲ. ಕಾಸಾರಶಿರಸಿಯ ಹೊರಗಿನ ಈ ಬಂಗ್ಲೆ ನಿಜಾಮರ ಕಾಲದಲ್ಲಿ ಕುರಿರೋಗಕ್ಕೆ ಔಷಧ ಹುಡುಕುತ್ತಿದ್ದ ಒಬ್ಬ ವಿಜ್ಞಾನಿ ಸಾಹೇಬರದು. ಎಡಕ್ಕೆ ಅವರ ಆಫೀಸು, ಬಲಕ್ಕೆ ಪ್ರಯೋಗಾಲಯ, ನಡುವೆ ಮುಂಬಾಗಿಲಿನಿಂದ ಹಿಂಬಾಗಿಲವರೆಗೆ ಉದ್ದನೆಯ ಓಣಿ. ಆ ಓಣಿಯಲ್ಲಿ ಕುರಿಗಳನ್ನು ಒಂದೊಂದಾಗಿ ನಡೆಸಿ, ನಾಲಿಗೆ ನೋಡಿ ಔಷಧ ಕುಡಿಸುತ್ತಿದ್ದರು. ಅದಕ್ಕೇ ಜನ ದವಾ ಬಂಗ್ಲೆ ಅಂದರು. ಸಾಹೇಬರು ಹೋದರು, ನಿಜಾಮರೂ ಹೋದರು. ಕುರಿ ಸಾಕುವ ಬೀರಪ್ಪ ದೇವರ ಒಕ್ಕಲಿನವರು ಮಾತ್ರ ಪದ್ಧತಿ ಬಿಡಲಿಲ್ಲ. ದೀಪಾವಳಿ ಪಾಡ್ಯದಂದು ಹಿಂಡು ಮೇವು ಅರಸಿ ದೇಶಾಂತರ ಹೊರಟಾಗ ಒಮ್ಮೆ, ಮಿರಗದ, ಅಂದರೆ ಮೃಗಶಿರಾ ಮಳೆಗೆ ತಿರುಗಿ ಬಂದಾಗ ಒಮ್ಮೆ, ಹೊಸ್ತಿಲಿಗೆ ಅರಿಶಿನದ ಭಂಡಾರ ಚೆಲ್ಲಿ ಆ ಓಣಿಯಲ್ಲಿ ಕುರಿ ದಾಟಿಸಲೇಬೇಕು. ಅಂದು ನಡೆದದ್ದು ಮಿರಗದ ದಾಟು.

ಮುಂದಿನ ಐತವಾರ ಸಿದ್ಧೇಶ್ವರ ಅವಳ ಮನೆ ಬಾಗಿಲಲ್ಲಿ ನಿಂತಿದ್ದ.

“ಕುರಿ ಕಾಲು ಹ್ಯಾಂಗ ಅದರಿ?”

ಚಹಾ ಕುಡಿದ, ಹೋದ. ಅದರ ಮುಂದಿನ ಐತವಾರವೂ ಬಂದ. ಅದೇ ಪ್ರಶ್ನೆ, ಅದೇ ಚಹಾ. ಶ್ರಾವಣ ಹೋಗಿ ಭಾದ್ರಪದ ಬಂತು. ಚಂದ್ರಿ ಬೇಲಿ ಹಾರಿ ಮಂದಿಯ ಹೊಲ ಮೇಯುತ್ತಿತ್ತು, ಇವನಿನ್ನೂ ಅದರ ಕಾಲು ಕೇಳುತ್ತಲೇ ಇದ್ದ.

“ಆ ಕುರಿ ಕಾಲು ನೆಟ್ಟಗಾಗಿ ಎಷ್ಟು ದಿನ ಆಯ್ತು, ಈ ಸಾಹೇಬಗ ಯಾರರೇ ಹೇಳ್ರಿ,” ಅಂದಳು ತಾಯಿ ಗುರಮ್ಮ.

ಅನುಸೂಯಾಗೆ ಮೈಯೆಲ್ಲ ಉರಿ. ‘ನಾ ಉದಗೀರ ಕಾಲೇಜಿನಾಗ ಡಿಗ್ರಿ ಮಾಡಿದಾಕಿ. ಇಂವಗ ನನ್ನ ಕೂಡ ಮಾತಾಡ್ಲಾಕ ಕುರಿ ಕಾಲೇ ಬೇಕಾ?’ ಬೈದುಕೊಳ್ಳುತ್ತಲೇ ಐತವಾರ ಬಂತೆಂದರೆ ಎರಡು ಸಲ ತಲೆ ಬಾಚುತ್ತಿದ್ದಳು. ಹಾಗೆ ಬಾಚಿದ್ದಕ್ಕೆ ತನಗೆ ತಾನೇ ಇನ್ನೊಮ್ಮೆ ಬೈದುಕೊಳ್ಳುತ್ತಿದ್ದಳು. ಪ್ರೀತಿ ಆಗಿತ್ತು, ಮತ್ತೇನು? ಬಾಯಿದ್ದವ ಬರಗಾಲದಲ್ಲೂ ಬದುಕಿದ ಅಂತಾರೆ. ಈ ಮಹಾರಾಯ ಸುಗ್ಗಿಯಲ್ಲೂ ಉಪವಾಸ ಬೀಳುವವನು.

ದಸರೆಯ ಹೊತ್ತಿಗೆ ತಂದೆ ಅಮೋಘಸಿದ್ಧ ನೇರವಾಗಿ ಕೇಳಿದ.

“ಪಾಡ್ಯದ ದಿನ ಬಾಗಲಾ ತೆರದಿರತದೇನು ಸಾಹೇಬ? ಒಂದು ವರ್ಷ ಕೀಲಿ ಇತ್ತು, ಹಂಗೇ ಹೋದೆ. ಆ ವರ್ಷ ಅರ್ಧ ಮರಿ ಸತ್ತವು. ಇನ್ನ ಹಂಗ ಹೋಗಂಗಿಲ್ಲ ನಾ.”

ಸಿದ್ಧೇಶ್ವರ ಚಹಾದ ಬಟ್ಟಲು ಕೆಳಗಿಟ್ಟ. ಅವನ ಪರವಾಗಿ ಅನುಸೂಯಾಳೇ ಬಾಯಿ ಹಾಕಿದಳು.

“ತೆರದಿರತದ ಅಪ್ಪಾ. ಅವರು ಮುಚ್ಚೋ ಮನುಷ್ಯಾ ಅಲ್ಲ. ನಾ ಮಾತು ಕೊಡ್ತೀನಿ.”

ಅವನು ಒಮ್ಮೆ ಅವಳ ಮುಖ ನೋಡಿದ. ಎದ್ದು ಹೋದವನು ಮುಂದಿನ ಐತವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಕಾದು ಕಾದು ಸಾಕಾಗಿ ಅವಳೇ ಬಂಗ್ಲೆಗೆ ಹೋದಳು. ಎರಡೂ ಬಾಗಿಲಿಗೆ ಬೀಗ. ಕಾವಲಿನ ಭೀಮಾಶಂಕರ ಬೀಡಿ ಆರಿಸಿ ಎದ್ದ.

“ಯಾರನ್ನೂ ಒಳಗ ಬಿಡಬ್ಯಾಡ ಅಂದಾರ ಬಾಯಿ. ಕುರಿ ಅಂತೂ ಬ್ಯಾಡೇ ಬ್ಯಾಡ ಅಂದಾರ.”

ಸಿದ್ಧೇಶ್ವರನಿಗೆ ಫೋನ್ ಹಚ್ಚಿದಳು.

“ಈಗ ಹೇಳ್ಲಾಕ ಆಗಂಗಿಲ್ಲರಿ... ಪಾಡ್ಯದ ದಿನ ಬರ್ರಿ,” ಎಂದು ಅವನು ಇಟ್ಟೇಬಿಟ್ಟ.

ದಾರಿಯುದ್ದಕ್ಕೂ ಅವಳಿಗೆ ಕಣ್ಣೀರು ನಿಲ್ಲಲಿಲ್ಲ. ಬಾಗಿಲು ಮುಚ್ಚಿದ್ದಕ್ಕಿಂತ ತಾನು ಅಪ್ಪನಿಗೆ ಕೊಟ್ಟ ಮಾತು ಹೋಯಿತಲ್ಲ ಎಂಬ ನೋವು ದೊಡ್ಡದಿತ್ತು. ‘ಇಂವನ್ನ ನಂಬಿ ನಾ ಹುಚ್ಚಿ ಆದೆ...’

ಪಾಡ್ಯ ಬಂತು. ಬೀಗ ಹಾಗೇ ಇತ್ತು. ಹಿಂಡು ಬಂಗ್ಲೆಯ ಮುಂದೆ ನಿಂತಿತು. ಕಂಬಳಿ ಹೊದ್ದ ಅಮೋಘಸಿದ್ಧ ಮೆಟ್ಟಿಲ ಮೇಲೆ ಕೂತುಬಿಟ್ಟ. ಮಗಳತ್ತ ಬೆನ್ನು ತಿರುಗಿಸಿದ. ಬೈದಿದ್ದರೇ ಚೆನ್ನಾಗಿತ್ತು.

ಅನುಸೂಯಾ ಒಂದು ಕಲ್ಲು ಎತ್ತಿಕೊಂಡಳು. ಬೀಗಕ್ಕೆ ಗುರಿ ಹಿಡಿದಳು.

“ಒಡೀಬ್ಯಾಡ್ರಿ, ಬಂದೆ!”

ಹಿಂಬದಿಯ ಗೋಡೆಗೆ ಸುಣ್ಣ ಬಳಿಯುತ್ತಿದ್ದ ಸಿದ್ಧೇಶ್ವರ ಸುತ್ತಿ ಓಡಿಬಂದ. ತಲೆ, ಮೀಸೆ, ಅಂಗಿ ಎಲ್ಲ ಸುಣ್ಣ. ಬೀಗ ತೆಗೆದು ಬಾಗಿಲು ನೂಕಿದ.

ಒಳಗೆ ಟೈಲ್ಸ್ ಇರಲಿಲ್ಲ. ಓಣಿಯುದ್ದಕ್ಕೂ ಹಳೆಯ ಒರಟು ಶಹಾಬಾದಿ ಫರ್ಶಿ ಕಲ್ಲು. ಪ್ರತಿ ಕಲ್ಲಿನ ನಡುವೆ, ತಲೆಮಾರುಗಳ ಕುರಿ ಗೊರಸು ಸವೆಸಿದ ತಗ್ಗು.

ಚಂದ್ರಿ ಮುಂದೆ ಬಂದು ಕಲ್ಲು ಮೂಸಿತು. ಒಂದು ಕಾಲಿಟ್ಟಿತು. ಇನ್ನೊಂದಿಟ್ಟಿತು. ಆಮೇಲೆ ತವರು ಕಂಡವಳಂತೆ ನಡೆದೇಬಿಟ್ಟಿತು. ಹಿಂಡು ಹಿಂಬಾಲಿಸಿತು, ಒಂದೂ ಜಾರಲಿಲ್ಲ. ಅಮೋಘಸಿದ್ಧ ಕಣ್ಣೊರೆಸಿಕೊಂಡು ಹೊಸ್ತಿಲಿಗೆ ಭಂಡಾರ ಚೆಲ್ಲಿ, ಕುರಿಗಳ ಹಿಂದೆ ನಡೆದ.

“ಇವು ಎಲ್ಲಿದ್ದವು?” ಅನುಸೂಯಾಳ ಕೈಯಲ್ಲಿ ಕಲ್ಲು ಇನ್ನೂ ಇತ್ತು.

“ನಾವು ಕಿತ್ತು ಹೊರಗ ಹಾಕಿದಾಗ ಊರವರು ಒಂದೊಂದು ಒಯ್ದಿದ್ರು. ಒಬ್ಬರ ಬಚ್ಚಲದಾಗ, ಒಬ್ಬರ ದನದ ಕೊಟ್ಟಿಗಿದಾಗ. ಮನಿ ಮನಿ ತಿರಗಿ ತಂದೀನಿ. ಕುಸುಮಬಾಯಿ ಅಂತೂ, ಅರಬಿ ಒಗಿಲಾಕ ಬ್ಯಾರೆ ಕಲ್ಲು ತಂದು ಕೊಡೋ ತನಕ ಬಿಡ್ಲಿಲ್ಲ. ಕೂಡಿಸಿದ ಸುಣ್ಣ ಗಟ್ಟಿ ಆಗೋ ತನಕ ಯಾರೂ ತುಳಿಬಾರದಿತ್ತು, ಅದಕ್ಕ ಕೀಲಿ.”

“ಇದನ್ನ ಹೇಳ್ಲಾಕ ನಿಮ್ಮ ಬಾಯಿಗಿ ಏನಾಗಿತ್ತು?”

“ಮ್ಯೂಸಿಯಂ ಕಮಿಟಿಯವರು ಕುರಿ ಬಿಡ್ಲಾಕ ಹ್ಞೂ ಅಂದಿದ್ದಿಲ್ಲ. ನಿನ್ನಿ ಸಂಜಿಗಿ ಒಪ್ಯಾರ. ನೀವು ನನ್ನ ಸಲುವಾಗಿ ಮಾತು ಕೊಟ್ಟಿದ್ರಿ... ಮೊದಲೇ ಹೇಳಿ, ಆಮ್ಯಾಲ ತಪ್ಪಿದ್ರ, ಮುಖ ಹ್ಯಾಂಗ ತೋರಸ್ಲಿ?”

ಅವಳಿಗೆ ಅಳಬೇಕೋ, ಕಲ್ಲು ಎಸೆಯಬೇಕೋ ತಿಳಿಯಲಿಲ್ಲ. ಕಲ್ಲು ಕೆಳಗಿಟ್ಟಳು.

“ಇನ್ನ ಏನರೇ ಹೇಳೋದು ಉಳದದಾ?”

“ಅದ.”

“ಹೇಳ್ರಿ ಮತ್ತ.”

ಅವನು ಮೀಸೆಯ ಸುಣ್ಣ ಒರೆಸಿಕೊಂಡ. “ಲೋಹಾರಾದಾಗ ನಮ್ಮ ಹೊಲ ಅದ. ಗೊಬ್ಬರ ಆಗ್ತದ, ಈ ವರ್ಷ ನಿಮ್ಮ ಕುರಿ ನಮ್ಮ ಹೊಲದಾಗ ಕೂಡಿಸ್ರಿ ಅಂತ ನಮ್ಮ ಅಪ್ಪ ಕೇಳ್ಯಾರ.”

“ಕುರಿ ಕರೀಲತ್ತೀರೋ, ನನ್ನ ಕರೀಲತ್ತೀರೋ? ಒಂದು ನೆಟ್ಟಗ ಹೇಳ್ರಿ!”

“ಕುರಿ ಕೂತು ಹೋಗ್ಲಿ...” ಅವನು ಒಂದು ಹೆಜ್ಜೆ ಮುಂದೆ ಬಂದ. “ನೀವು ಹೋಗಬ್ಯಾಡ್ರಿ.”

ಇಷ್ಟು ದಿನದ ಸಿಟ್ಟೆಲ್ಲ ಅವಳ ಕಣ್ಣಿಂದ ಇಳಿಯಿತು.

“ನಾವು ಕುರಿ ಮಂದಿ, ನೀವು ಲಿಂಗ ಕಟ್ಟಿದ ಮಂದಿ. ನಿಮ್ಮ ಅಪ್ಪಗ ಗೊತ್ತದಾ?”

“ಎಲ್ಲಾ ಹೇಳೀನಿ. ಮೊದಲು ಸಿಟ್ಟಾದ್ರು, ಎರಡು ದಿನ ಉಣಲಿಲ್ಲ. ಆಮ್ಯಾಲ ಅವರೇ ಕುರಿ ಕರಿ ಅಂದ್ರು.”

“ನನಗೊಬ್ಬಾಕಿಗಿ ಬಿಟ್ಟು ಊರಿಗೆಲ್ಲಾ ಹೇಳೀರಿ,” ಅಂದಳು. ನಗು ತಡೆಯಲಾಗಲಿಲ್ಲ. “ನಮ್ಮ ಅಪ್ಪ ಅಲ್ಲೇ ನಿಂತಾನ. ಹೋಗಿ ಕೇಳ್ರಿ.”

ಸಿದ್ಧೇಶ್ವರ ಓಣಿ ದಾಟಿ ಅಮೋಘಸಿದ್ಧನ ಮುಂದೆ ನಿಂತ. ಕೆಮ್ಮಿದ. ಅಂಗಿ ಜಾಡಿಸಿಕೊಂಡ. ಮತ್ತೊಮ್ಮೆ ಕೆಮ್ಮಿದ.

“ಕಾಕಾ... ಕುರಿ ಕಾಲು ಹ್ಯಾಂಗ ಅದರಿ?”

ಅನುಸೂಯಾ ಹಣೆ ಚಚ್ಚಿಕೊಂಡಳು.

ಅಮೋಘಸಿದ್ಧ ಮಗಳನ್ನು ನೋಡಿದ, ಓಣಿಯ ಕಲ್ಲುಗಳನ್ನು ನೋಡಿದ. ಕೈಯಲ್ಲುಳಿದ ಭಂಡಾರವನ್ನು ಆ ಸುಣ್ಣದ ಹಣೆಗೆ ಹಚ್ಚಿದ.

“ಮಿರಗದಿಂದ ಕುರಿದೇ ಕೇಳ್ಲತ್ತಿದಿ ತಮ್ಮಾ. ಈಗರೇ ಹುಡುಗಿದು ಕೇಳು.”