ಮೊದಲ ಸುತ್ತು

"ಅಯ್ಯೋ, ನಿಲ್ಲಿ! ಕಾಲಿಡಬೇಡಿ!"

ಸಿಗ್ನಿ ಕೂಗುವಷ್ಟರಲ್ಲಿ ಕರ್ರ್ ಎಂದಿತು. ಆ ಅಪರಿಚಿತನ ಬೂಟು ಐಸ್ ಒಡೆದುಕೊಂಡು ಒಳಗಿಳಿದಿತ್ತು.

ಮೂರು ದಿನ! ಸ್ಕೇಟ್ ಕಟ್ಟಿ ಜಾರಲು ಐಸಿನ ಅಂಗಳ ಮಾಡಬೇಕೆಂದು ಮೂರು ದಿನದಿಂದ ಅವಳು ಹಿತ್ತಲಿನ ಹಿಮ ತುಳಿದು ಗಟ್ಟಿ ಮಾಡಿ, ಸುತ್ತ ಹಲಗೆ ನಿಲ್ಲಿಸಿ, ಮೈನಸ್ ಇಪ್ಪತ್ತೆರಡರ ಚಳಿಯಲ್ಲಿ ಪೈಪು ಹಿಡಿದು ನೀರು ಚಿಮುಕಿಸಿದ್ದಳು.

"ಕಣ್ಣು ಕಾಣಲ್ವೇನ್ರೀ?"

"ಸಾರಿ... ನಿಮ್ಮ ಪಾರ್ಸೆಲ್ ನಮ್ಮನೆಗೆ ಬಂದಿತ್ತು. ಬಾಗಿಲು ಬಡಿದೆ, ಯಾರೂ ತೆಗೀಲಿಲ್ಲ. ಅದಕ್ಕೇ ಹಿಂದಿನಿಂದ..."

ಒಂದು ಕಾಲು ಐಸಿನೊಳಗೆ, ಇನ್ನೊಂದು ಹಲಗೆಯಾಚೆ, ಎದೆಗೆ ಅವಚಿಕೊಂಡ ಪಾರ್ಸೆಲ್. ಬೈಯಬೇಕೋ ನಗಬೇಕೋ ಸಿಗ್ನಿಗೆ ತಿಳಿಯಲಿಲ್ಲ.

ಅವನು ಕ್ಯಾಲಮ್. ಪಕ್ಕದ ಮನೆಗೆ ಹೊಸದಾಗಿ ಬಂದ ದನದ ಡಾಕ್ಟರು. ದೇಶದ ಪಶ್ಚಿಮ ಕರಾವಳಿಯ ವಿಕ್ಟೋರಿಯಾ ಕಡೆಯವನು, ಅಲ್ಲಿ ಚಳಿಗಾಲವೆಂದರೆ ಮಳೆಗೆ ಕೊಡೆ ಹಿಡಿಯುವುದು, ಅಷ್ಟೇ. ಮ್ಯಾನಿಟೋಬಾದ ನಮ್ಮ ಸರೋವರದ ಊರಿಗೆ ಮಾರ್ಚ್ ಕೊನೆಯವರೆಗೆ ಮಾತ್ರ ಬಂದಿದ್ದಾನೆಂದು ಸಿಗ್ನಿಯ ಚಿಕ್ಕಮ್ಮ ರೂನಾ ಆಗಲೇ ಪತ್ತೆ ಮಾಡಿದ್ದಳು. ಅವಳಿಗೆ ತಿಳಿಯದ್ದು ಈ ಬೀದಿಯಲ್ಲಿ ಏನಿದೆ?

ಮರುದಿನ ಅವನು ತಾನೇ ಬಂದ. "ಮುರಿದಿದ್ದು ನಾನು. ಸರಿ ಮಾಡ್ತೀನಿ."

ಸರಿ ಮಾಡಿದ್ದು ಹೇಗೆ? ಪೈಪು ಪೂರ್ತಿ ತಿರುಗಿಸಿ ಗಂಟೆಗಟ್ಟಲೆ ನೀರು ಸುರಿದ! ಮೇಲೆ ಹೆಪ್ಪುಗಟ್ಟಿತು, ಕೆಳಗಿನ ನೀರು ಇಂಗಿಹೋಯಿತು. ಮುಟ್ಟಿದರೆ ಹಪ್ಪಳದಂತೆ ಪುಡಿ.

"ಒಂದೇ ಸಲಕ್ಕೆ ಸುರಿದ್ರೆ ಆಗಲ್ಲ ಡಾಕ್ಟ್ರೇ. ತೆಳ್ಳಗೆ ಒಂದು ಪದರ. ಅದು ಗಟ್ಟಿಯಾಗೋ ತನಕ ಸುಮ್ನಿರಬೇಕು. ಆಮೇಲೆ ಇನ್ನೊಂದು."

"ಸುಮ್ನಿರೋದು ನಂಗೆ ಬರಲ್ಲ."

"ಕಲೀರಿ!"

ಕಲಿತ. ದಿನಾ ಸಂಜೆ ಕೊಟ್ಟಿಗೆಯ ವಾಸನೆ ಹೊತ್ತುಕೊಂಡೇ ಬರುತ್ತಿದ್ದ. ನೀರು ಹಾಕಿದ ಮೇಲೆ ಪೈಪು ಸೆಟೆದುಹೋಗದಂತೆ ಒಳಗೆ ತಂದು ಸಿಗ್ನಿಯ ಸ್ನಾನದ ತೊಟ್ಟಿಯಲ್ಲಿ ಸುತ್ತಿಡುತ್ತಿದ್ದ. ಆಮೇಲೆ ಕಾಫಿ, ಒಣಹಣ್ಣಿನ ಪದರದ ಕೇಕು, ಮುಗಿಯದ ಮಾತು.

"ಅವನು ಪೈಪು ಇಡೋಕೆ ಬರ್ತಾನೋ, ನಿನ್ನ ಮುಖ ನೋಡೋಕೋ?" ರೂನಾ ಕಣ್ಣು ಮಿಟುಕಿಸಿದಳು.

"ಚಿಕ್ಕಮ್ಮಾ!"

ಆದರೆ ಸಿಗ್ನಿಯ ಕಿವಿ ಸಂಜೆಯಾದರೆ ಅವನ ಬೂಟಿನ ಸದ್ದಿಗೇ ಕಾಯುತ್ತಿತ್ತು. *ಮಾರ್ಚ್‌ಗೆ ಹೋಗುವವನು... ಆಸೆ ಇಟ್ಟುಕೊಳ್ಳಬೇಡ,* ಎಂದು ಮನಸ್ಸಿಗೆ ಹೇಳುತ್ತಿದ್ದಳು. ಮನಸ್ಸು ಕೇಳಬೇಕಲ್ಲ!

ಜನವರಿ ಕೊನೆಗೆ ಐಸ್ ಕನ್ನಡಿಯಂತಾಯಿತು. ಶನಿವಾರ ಬೀದಿಯವರೆಲ್ಲ ಸ್ಕೇಟ್ ಕಟ್ಟಿಕೊಂಡು ಬರುತ್ತಾರೆ. ಮೊದಲ ಸುತ್ತು ಮಾತ್ರ ಐಸ್ ಕಟ್ಟಿದವರದು. ಅದು ಇಲ್ಲಿಯ ವಾಡಿಕೆ.

"ಈ ಸಲ ಇಬ್ರೂ ಕಟ್ಟಿದ್ದೀವಿ," ಸಿಗ್ನಿ ಧೈರ್ಯ ಮಾಡಿ ಕೇಳಿದಳು. "ನನ್ನ ಜೊತೆ ಬರ್ತೀರಾ?"

ಕ್ಯಾಲಮ್‌ನ ಮುಖ ಬಿಳುಚಿತು. "ಶನಿವಾರ... ಒಂದು ಹಸು ಕರು ಹಾಕೋದಿದೆ."

"ಭಾನುವಾರಕ್ಕೆ ಮುಂದಕ್ಕೆ ಹಾಕೋಣ."

"ಅದೂ... ಮಂಡಿ ನೋವು."

ಅವನು ಕಣ್ಣು ತಪ್ಪಿಸಿದ. ಸಿಗ್ನಿಯ ಎದೆಯಲ್ಲಿ ಏನೋ ಮುರಿಯಿತು. *ಬೀದಿಯವರ ಮುಂದೆ ನನ್ನ ಜೊತೆ ಕಾಣಿಸಿಕೊಳ್ಳೋಕೆ ಇಷ್ಟವಿಲ್ಲ. ಹೊರಡುವವನಿಗೆ ಯಾಕೆ ಬೇಕು ಈ ಅಂಟು?*

"ಸರಿ. ನಾಳೆಯಿಂದ ಬರಬೇಡಿ. ಪೈಪು ನಾನೇ ಹಿಡೀತೀನಿ."

"ಸಿಗ್ನಿ, ನಾನು..."

ಅವಳು ಬಾಗಿಲು ಹಾಕಿಕೊಂಡಳು. ಹಾಕಿಕೊಂಡು ಅದಕ್ಕೇ ಒರಗಿ ಅತ್ತಳು.

ಮೂರು ಸಂಜೆ ಬೂಟಿನ ಸದ್ದಿಲ್ಲ. ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಹಿತ್ತಲಲ್ಲಿ ದಢಾರ್ ಎಂದಿತು. ಅಡುಗೆಮನೆಯ ಕಿಟಕಿಯಿಂದ ಇಣುಕಿದ ಸಿಗ್ನಿ ಹಾಗೇ ನಿಂತುಬಿಟ್ಟಳು.

ಕ್ಯಾಲಮ್! ಕಾಲಲ್ಲಿ ಹೊಚ್ಚಹೊಸ ಸ್ಕೇಟ್. ಊಟದ ಕುರ್ಚಿಯೊಂದನ್ನು ಹಿಡಿದು ತಳ್ಳುತ್ತಾ, ನಡುಗುತ್ತಾ, ಎರಡು ಹೆಜ್ಜೆ ಇಟ್ಟು ಮತ್ತೆ ಬಿದ್ದ. ನಮ್ಮಲ್ಲಿ ಮೂರು ವರ್ಷದ ಮಕ್ಕಳು ಹೀಗೆ ಕಲಿಯುತ್ತವೆ.

ಕೋಟು ಕೂಡ ಹಾಕದೆ ಅವಳು ಓಡಿದಳು.

"ನಿಮಗೆ... ಸ್ಕೇಟ್ ಮಾಡೋಕೆ ಬರಲ್ವಾ?"

ಐಸಿನ ಮೇಲೆ ಕೂತಿದ್ದವನ ಕಿವಿ ಕೆಂಪಾಯಿತು. "ಮೂವತ್ತೊಂದು ವರ್ಷ. ಈ ದೇಶದಲ್ಲೇ ಹುಟ್ಟಿದವನು. ಬರಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಅದೂ ನಿಮ್ಮ ಮುಂದೆ!"

"ಮಂಡಿ ನೋವು?"

"ಅವತ್ತು ಸುಳ್ಳು. ಇವತ್ತು ನಿಜ."

ಅವಳಿಗೆ ನಗು, ಅಳು ಒಟ್ಟಿಗೇ ಬಂದವು. "ಮಾರ್ಚ್‌ಗೆ ಹೋಗೋರಿಗೆ ಇದೆಲ್ಲ ಯಾಕೆ?"

"ಹೋಗೋದಾ? ಇಲ್ಲೇ ಇರ್ತೀನಿ ಅಂತ ಮೊನ್ನೆ ದನದ ಆಸ್ಪತ್ರೆಗೆ ಬರೆದುಕೊಟ್ಟೆ. ಶನಿವಾರ ಒಂದು ಸುತ್ತಾದ್ರೂ ಹಾಕಿ, ಆಮೇಲೆ ನಿಮಗೆ ಹೇಳೋಣ ಅಂದ್ಕೊಂಡಿದ್ದೆ." ಉಸಿರೆಳೆದುಕೊಂಡ. "ನಿಮ್ಮನ್ನ ಪ್ರೀತಿಸ್ತೀನಿ, ಸಿಗ್ನಿ. ಕೂತೇ ಹೇಳ್ತಿದ್ದೀನಿ, ಕ್ಷಮಿಸಿ. ಎದ್ದರೆ ಮತ್ತೆ ಬೀಳ್ತೀನಿ."

ಸಿಗ್ನಿ ಅವನ ಪಕ್ಕದಲ್ಲೇ ಐಸಿನ ಮೇಲೆ ಕೂತಳು. ಅವನು ತನ್ನ ಕೋಟು ಬಿಚ್ಚಿ ಅವಳಿಗೆ ಹೊದಿಸಿದ.

"ನಾನೂ," ಎಂದಳು ಮೆಲ್ಲಗೆ. "ಯಾವಾಗಿನಿಂದಲೋ."

ಶನಿವಾರ ಬೀದಿಯವರೆಲ್ಲ ಹಲಗೆಯ ಸುತ್ತ ನಿಂತಿದ್ದರು. ಕ್ಯಾಲಮ್ ಕುರ್ಚಿ ತಳ್ಳಿಕೊಂಡೇ ಐಸಿಗಿಳಿದ. ಎಲ್ಲರಿಗೂ ನಗೆಯೋ ನಗೆ.

"ಡಾಕ್ಟ್ರೇ, ಹಸುಗೇನಾಯ್ತು?" ರೂನಾ ಕೂಗಿದಳು.

ಸಿಗ್ನಿ ಕುರ್ಚಿಯನ್ನು ಬದಿಗೆ ಸರಿಸಿ, ಅವನ ಎರಡೂ ಕೈ ಹಿಡಿದು ಹಿಮ್ಮುಖವಾಗಿ ಜಾರತೊಡಗಿದಳು.

"ಎಲ್ರೂ ನಗ್ತಿದ್ದಾರೆ, ಸಿಗ್ನಿ."

"ನಗಲಿ. ನೀನು ನನ್ನ ನೋಡು."

"ಬಿದ್ರೆ?"

"ನಾನೂ ಬೀಳ್ತೀನಿ. ಬಾ."