ಅಪ್ಪಯ್ಯ ಮಸೆದ ಸ್ಕೇಟ್ಸ್

ಪ್ರೇಕ್ಷಾ ಮತ್ತೆ ಬಿದ್ದಳು.

ಬಿದ್ದ ರಭಸಕ್ಕೆ ಐಸ್ ಮೇಲೆ ಜಾರುತ್ತ ಹೋಗಿ ಅಂಚಿನ ಹಲಗೆಗೆ ಧಡ್ ಎಂದು ಬಡಿದಳು. ಸ್ಟಿಕ್ ಒಂದು ಕಡೆ, ಅವಳು ಒಂದು ಕಡೆ. ಅವಳ ಹತ್ತಿರವಿದ್ದ ಪಕ್, ಅಂದರೆ ಐಸ್ ಹಾಕಿಯವರು ಚೆಂಡಿನ ಬದಲು ಹೊಡೆಯುವ ಕಪ್ಪು ರಬ್ಬರ್ ಬಿಲ್ಲೆ, ಬೇರೆ ಯಾರದೋ ಪಾಲಾಯಿತು.

"ಏನೇ, ಕಾಲಿಗೆ ಬಾಳೆಹಣ್ಣಿನ ಸಿಪ್ಪೆ ಕಟ್ಕೊಂಡು ಬಂದಿದ್ದೀಯಾ?"

ಸುಯ್ಯನೆ ಬಂದು ಪಕ್ಕದಲ್ಲಿ ನಿಂತವನು ಅಭಿಜಿತ್. ಲಂಡನ್ನಿನ ಕ್ರೋಯ್ಡನ್ ಕಡೆಯ ಹುಡುಗ, ಅವಳದೇ ಕ್ಲಬ್ಬಿನವನು. ಬೇರೆಯವರಿಗೆ ತಿಳಿಯಬಾರದೆಂದರೆ ಇಬ್ಬರೂ ಕನ್ನಡದಲ್ಲಿ ಜಗಳವಾಡುತ್ತಿದ್ದರು.

"ಬಾಯ್ ಮುಚ್ಚೋ! ಐಸ್ ಸರಿ ಇಲ್ಲ."

"ನಂಗೆ ಮಾತ್ರ ಸರಿ ಇದೆಯಾ?"

ಪ್ರೇಕ್ಷಾ ಸ್ಟಿಕ್ ಎತ್ತಿಕೊಂಡು ಎದ್ದಳು. ನೇರ ಹೋದರೆ ಹೋಗುತ್ತಿದ್ದಳು. ತಿರುಗಿದರೆ ಸಾಕು, ಕಾಲಡಿಯ ಐಸನ್ನೇ ಯಾರೋ ಎಳೆದುಕೊಂಡಂತೆ ಆಗುತ್ತಿತ್ತು. ಅವಳ ಕ್ಲಬ್ಬಿನಲ್ಲಿ ಅವಳಷ್ಟು ಚುರುಕಾಗಿ ತಿರುಗುವವರು ಹುಡುಗರಲ್ಲೂ ಇರಲಿಲ್ಲ! ಇವತ್ತು ಟ್ರಯಲ್. ಲಂಡನ್ನಿನ ಎಲ್ಲ ಕ್ಲಬ್ಬುಗಳ ಮಕ್ಕಳಲ್ಲಿ ಹನ್ನೆರಡರ ಒಳಗಿನವರ ಟೀಮ್ ಆರಿಸುವ ದಿನ. ಆಯ್ಕೆಯಾದವರು ಬೇಸಿಗೆಯಲ್ಲಿ ಸ್ವೀಡನ್‌ಗೆ ಆಡಲು ಹೋಗುತ್ತಾರೆ. ಮುಂದಿನ ವರ್ಷ ಅವಳಿಗೆ ವಯಸ್ಸು ಮೀರಿರುತ್ತದೆ. ಇವತ್ತು ತಪ್ಪಿದರೆ ತಪ್ಪಿಯೇ ಹೋಯಿತು.

ಗಾಜಿನ ಆಚೆ ಅಪ್ಪಯ್ಯ ಚಪ್ಪಾಳೆ ತಟ್ಟುತ್ತಿದ್ದರು. ಅಪ್ಪಯ್ಯ ಎಂದರೆ ಮಂಜಯ್ಯ, ಟೂಟಿಂಗಿನ ಹೋಟೆಲೊಂದರಲ್ಲಿ ಅಡುಗೆಯವರು. ಆಟಗಳಿರುವ ಭಾನುವಾರ ಅವರಿಗೆ ರಜೆ ಸಿಗುವುದಿಲ್ಲ; ಇವತ್ತು ಹೇಗೋ ಕೇಳಿ ಪಡೆದಿದ್ದರು. ಮಗಳ ಆಟ ನೋಡಲು ಬಂದದ್ದು ಇದೇ ಮೊದಲು. ಬೀಳುವುದೂ ಆಟದಲ್ಲಿ ಸೇರಿದೆ ಎಂದುಕೊಂಡಿದ್ದರೋ ಏನೋ, ಅವಳು ಬಿದ್ದಾಗಲೆಲ್ಲ ಇನ್ನೂ ಜೋರಾಗಿ ತಟ್ಟುತ್ತಿದ್ದರು.

ಕೋಚ್ ಹೆಲೆನ್ ಸೀಟಿ ಊದಿ ಅವಳನ್ನು ಬೆಂಚಿಗೆ ಕರೆದರು.

"ಕಾಲು ಎತ್ತು."

ಪ್ರೇಕ್ಷಾ ಎತ್ತಿದಳು. ಹೆಲೆನ್ ಬ್ಲೇಡನ್ನು ಬೆಳಕಿಗೆ ಹಿಡಿದು ನೋಡಿದರು. ಹುಬ್ಬು ಗಂಟಾಯಿತು.

"ಇದನ್ನ ಶಾರ್ಪನ್ ಮಾಡಿದ್ದು ಯಾರು?"

"ಯಾರೂ ಇಲ್ಲ, ಕೋಚ್. ಮೊಂಡಾಗಿತ್ತು, ಆದ್ರೆ ಮಾಡಿಸಿಲ್ಲ."

"ಯಾರೋ ಮಾಡಿದ್ದಾರೆ. ಬ್ಲೇಡಿನ ನಡುವೆ ಉದ್ದಕ್ಕೂ ಸಣ್ಣ ತಗ್ಗು ಇರಬೇಕು. ಅದರ ಎರಡು ಬದಿಗೆ ಎರಡು ಅಂಚು. ತಿರುಗುವಾಗ ಐಸನ್ನು ಕಚ್ಚಿ ಹಿಡಿಯೋದು ಆ ಅಂಚುಗಳೇ. ಇಲ್ಲಿ ನೋಡು. ತಗ್ಗೂ ಇಲ್ಲ, ಅಂಚೂ ಇಲ್ಲ. ಎರಡು ಕಡೆಯಿಂದ ಉಜ್ಜಿ ಚಾಕು ಮಾಡಿಬಿಟ್ಟಿದ್ದಾರೆ."

ಪ್ರೇಕ್ಷಾ ನೋಡಿದಳು. ಬ್ಲೇಡು ಫಳಫಳ ಹೊಳೆಯುತ್ತಿತ್ತು. ಆ ಓರೆ ಹೊಳಪು ಅವಳಿಗೆ ಚೆನ್ನಾಗಿ ಗೊತ್ತು. ಮನೆಯ ಚಾಕುಗಳೆಲ್ಲ ಹಾಗೆಯೇ ಹೊಳೆಯುತ್ತವೆ.

ಸರಿ ಮಾಡಲು ಹೊತ್ತಿರಲಿಲ್ಲ. ಬಾಡಿಗೆಗೆ ಕೊಡುವ ಪ್ಲಾಸ್ಟಿಕ್ ಸ್ಕೇಟ್ಸ್ ಹಾಕಿಕೊಂಡು ಉಳಿದ ಆಟ ಆಡಿದಳು. ಬೀಳಲಿಲ್ಲ. ಬೇರೆ ಏನೂ ಮಾಡಲೂ ಇಲ್ಲ.

ಕೊನೆಗೆ ಹೆಸರುಗಳನ್ನು ಕೂಗಿದರು. ಅಭಿಜಿತ್‌ನ ಹೆಸರು ಬಂತು. ಪ್ರೇಕ್ಷಾಳ ಹೆಸರು ಬರಲಿಲ್ಲ. ಅಭಿಜಿತ್ ಅವಳ ಕಡೆ ನೋಡಿದ. ತಮಾಷೆ ಮಾಡದೆ ಬೆಂಚಿನ ಮೇಲೆ ಕೂತು ತನ್ನ ಸ್ಕೇಟ್ಸ್ ಬಿಚ್ಚತೊಡಗಿದ.

ಅಪ್ಪಯ್ಯ ನಗುತ್ತಲೇ ಬಂದರು. "ಎಂತ ಮಗಾ, ಮುಗೀತಾ? ಕಾಣ್, ನಿಂಗೆ ಹೇಳ್ದೆ ಇದ್ದಿದ್ದೆ. ಮೊಂಡ್ ಆಯ್ತ್ ಅಂದ್ಹೇಳಿ ಮೊನ್ನೆ ನೀನೇ ಅಂದಿದ್ದಲ್ದಾ? ಹೋಟ್ಲಿಗೆ ತಕಂಡ್ ಹೋಯಿ ನಾನೇ ಕಲ್ಲಲ್ ಮಸ್ದೆ. ಟೊಮೆಟೊ ಕೊಯ್ದ್ ಕಂಡೆ, ಒಂದೇ ಏಟಿಗೆ..."

"ಯಾರು ಹೇಳಿದ್ದು ನಿಮಗೆ ಮುಟ್ಟೋಕೆ?"

ಅವಳ ಕೂಗಿಗೆ ಸುತ್ತಲಿನವರೆಲ್ಲ ತಿರುಗಿದರು. ತಿರುಗಲಿ!

"ಅದು ಕಿಚನ್ ಚಾಕು ಅಲ್ಲ! ಎಲ್ಲಾ ಹಾಳು ಮಾಡಿದ್ರಿ! ನಿಮಗೆ ಏನೂ ಗೊತ್ತಿಲ್ಲ. ನಥಿಂಗ್! ಯಾಕೆ ಬಂದ್ರಿ?"

ಅಪ್ಪಯ್ಯನ ನಗು ಮುಖದಲ್ಲೇ ಉಳಿದಿತ್ತು, ತೆಗೆಯಲು ಮರೆತಂತೆ. "ಹರಿತ ಆಯ್ಲಿಲ್ಯಾ?" ಎಂದರು ಮೆಲ್ಲಗೆ.

ಹೆಲೆನ್ ಬಂದು ಅಭಿಜಿತ್‌ನ ಸ್ಕೇಟನ್ನು ಅವರ ಕೈಗೆ ಕೊಟ್ಟರು. ಬೆರಳಿಟ್ಟು ನೋಡುವಂತೆ ಸನ್ನೆ ಮಾಡಿದರು. ಅಪ್ಪಯ್ಯ ಹೆಬ್ಬೆರಳನ್ನು ಬ್ಲೇಡಿಗೆ ಅಡ್ಡಲಾಗಿ ಸರಿಸಿದರು. ಒಂದು ಅಂಚು. ನಡುವೆ ತಗ್ಗು. ಇನ್ನೊಂದು ಅಂಚು. ಬೆರಳು ಅಲ್ಲೇ ನಿಂತಿತು.

"ಸಾರಿ," ಎಂದರು. ಹೆಲೆನ್‌ಗೆ ಹೇಳಿದರೋ, ಮಗಳಿಗೋ, ಆ ಸ್ಕೇಟಿಗೋ.

ಬಸ್ಸಿನಲ್ಲಿ ಪ್ರೇಕ್ಷಾ ಬೇಕೆಂದೇ ಹಿಂದಿನ ಸೀಟಿಗೆ ಹೋಗಿ ಕೂತಳು. ಅಪ್ಪಯ್ಯ ಮುಂದೆ, ಅವಳ ದೊಡ್ಡ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಕೆಳಗಿಡಲು ಜಾಗವಿತ್ತು. ಇಡಲಿಲ್ಲ. ಬೈಯಲಿ ಎಂದು ಅವಳು ಕಾದಳು. ಅಷ್ಟು ಜನರ ಮುಂದೆ ಕೂಗಾಡಿದ್ದಕ್ಕೆ ಒಂದು ಏಟಾದರೂ ಕೊಡಲಿ. ಅವರು ತಿರುಗಿಯೂ ನೋಡಲಿಲ್ಲ.

ಕ್ಲಬ್ಬಿಗೆ ಅವಳನ್ನು ಸೇರಿಸಿದ್ದು ಅಮ್ಮ. ಕೋಚ್ ಹತ್ತಿರ ಮಾತಾಡುವುದು ಅಮ್ಮ. ಪ್ರಾಕ್ಟೀಸಿಗೆ ಕಾರಿನಲ್ಲಿ ಕರೆದೊಯ್ಯುವುದು ಅಭಿಜಿತ್‌ನ ಅಮ್ಮ. ಅಪ್ಪಯ್ಯನಿಗೆ ಗೋಲ್ ಯಾವ ಕಡೆ ಎಂಬುದೂ ಗೊತ್ತಿಲ್ಲ. ಮಧ್ಯಾಹ್ನ ಹೋಟೆಲ್ ಮುಚ್ಚಿದ ಮೇಲೆ, ಉಳಿದವರು ಕಾಲು ಚಾಚಿ ಮಲಗಿರುವಾಗ, ಅವರೊಬ್ಬರೇ ಸಾಣೆಕಲ್ಲಿಗೆ ನೀರು ಚಿಮುಕಿಸಿ ಕೂತಿರುವುದು ಅವಳ ಕಣ್ಣಿಗೆ ಕಟ್ಟಿತು. ಆ ಉಕ್ಕೋ ಬಲು ಗಟ್ಟಿ. ಎಷ್ಟು ಹೊತ್ತು ಉಜ್ಜಿದ್ದರೋ!

ಅವಳು ಎದ್ದು ಹೋಗಿ ಅವರ ಸೀಟಿನ ಪಕ್ಕ ಕಂಬ ಹಿಡಿದು ನಿಂತಳು.

ಅಪ್ಪಯ್ಯ ಕಿಟಕಿಯ ಕಡೆಯೇ ನೋಡುತ್ತ ಹೇಳಿದರು: "ಮಸೂದೊಂದ್ ನಂಗೆ ಸಮಾ ಬತ್ತ್ ಅಂದ್ಕಂಡಿದ್ದೆ, ಮಗಾ." ಆಮೇಲೆ ಅವಳ ಕಡೆ ತಿರುಗಿ ಕೇಳಿದರು: "ಬಪ್ಪ ವರ್ಷ ಮತ್ತೆ ಕರೀತ್ರಲ್ದಾ ನಿನ್ನ?"

ಮುಂದಿನ ವರ್ಷ ಅವಳಿಗೆ ಹನ್ನೆರಡು ತುಂಬಿರುತ್ತದೆ. ಪ್ರೇಕ್ಷಾ ಅವರ ಮುಖ ನೋಡಿದಳು.

"ಹೌದು ಅಪ್ಪಯ್ಯ," ಎಂದಳು. "ಕರೀತಾರೆ."

ಅಪ್ಪಯ್ಯ ತಲೆಯಾಡಿಸಿದರು. ಬ್ಯಾಗನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಕಡೆಗೆ ಸರಿದು ಜಾಗ ಮಾಡಿದರು. ಅವಳು ಕೂತಳು. ಬ್ಯಾಗಿನ ಒಂದು ತುದಿಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.